ಕಿವಿಗೆ ಬೀಳದ ಗೆಜ್ಜೆ

ಬೆಂಗಳೂರಿನ ಆಫೀಸಿನ ಮೀಟಿಂಗ್ ರೂಮು. ಲ್ಯಾಪ್‌ಟಾಪ್ ತೆರೆದು 'ಶೇರ್ ಸ್ಕ್ರೀನ್' ಒತ್ತಿದೆ, ಅಷ್ಟೇ. ಕೇಬಲ್ ಇಲ್ಲ, ಕೋಡ್ ಇಲ್ಲ, ಗೋಡೆ ಮೇಲಿನ ಪರದೆಯಲ್ಲಿ ನನ್ನ ಸ್ಲೈಡು ಬಂತು. ನಾನು ಇದೇ ರೂಮಿನಲ್ಲಿದೀನಿ, ಪಕ್ಕದ್ದರಲ್ಲಿ ಅಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಯ್ತು? 'ವೈಫೈ' ಅಂದ ಗೆಳೆಯ. ಅಲ್ಲ ಮಾರಾಯ, ಮೂರೂ ಮಹಡಿಗೆ ಇರೋದು ಒಂದೇ ವೈಫೈ.

ಉತ್ತರ: ಸದ್ದು. ಜೂಮ್, ಸಿಸ್ಕೊದಂಥ ಕಂಪನಿಗಳ ಮೀಟಿಂಗ್ ರೂಮುಗಳಲ್ಲಿ ಸ್ಪೀಕರ್ ಒಂದು ಸಣ್ಣ ಸಂಕೇತವನ್ನು ಹೊರಡಿಸುತ್ತಾ ಇರುತ್ತೆ. ನಮ್ಮ ಕಿವಿಗೆ ಬೀಳಲ್ಲ, ಲ್ಯಾಪ್‌ಟಾಪಿನ ಮೈಕಿಗೆ ಬೀಳುತ್ತೆ. ವೈಫೈ ಗೋಡೆ ದಾಟುತ್ತೆ, ಈ ಸದ್ದು ಬಾಗಿಲು ಹಾಕಿದರೆ ಅಲ್ಲೇ ಸಾಯುತ್ತೆ. ಅಂದ್ರೆ, ಅದರ ದೌರ್ಬಲ್ಯವೇ ಅದರ ಕೆಲಸ. ಕೇಳಿಸಿತು ಅಂದರೆ ಹತ್ತಿರ ಇದ್ದೀ ಅಂತ ಅರ್ಥ.

ಈ ತರ್ಕ ನನಗೆ ಹೊಸದಲ್ಲ. ನಮ್ಮ ಅಜ್ಜನ ಊರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿ. ತುಂಗಭದ್ರೆಯ ದಂಡೆ, ವಿಜಯದಾಸರು (1682–1755) ಹುಟ್ಟಿದ ಊರು. ಹರಿದಾಸರು ತಂಬೂರಿ ಮೀಟುತ್ತಾ, ಗೆಜ್ಜೆ ಕಟ್ಟಿ, ಮನೆಮನೆಗೆ ಹೋಗುತ್ತಿದ್ದವರು. ದಾಸರು ಕಾಣೋದಕ್ಕೆ ಮುಂಚೆ ಗೆಜ್ಜೆ ಕೇಳಬೇಕು, ಒಳಗಿದ್ದವರು ಮೊರದಲ್ಲಿ ಅಕ್ಕಿ ಹಿಡಿದು ಹೊರಗೆ ಬರಬೇಕು. ನಮ್ಮಜ್ಜನೂ ಹಾಗೇ ಇದ್ದರು. ಕಟ್ಟೆ ಮೇಲೆ ಕಣ್ಣು ಮುಚ್ಚಿ ಕೂತು, ಎತ್ತಿನ ಗಂಟೆ ಕೇಳಿ ಯಾರ ಬಂಡಿ ಅಂತ, ಚಪ್ಪಲಿ ಸದ್ದು ಕೇಳಿ ಯಾರ ಮಗ ಅಂತ ಹೇಳೋರು. ರಜೆಗೆ ಹೋದಾಗ ನಾನು ಬೆಕ್ಕಿನ ಹೆಜ್ಜೆ ಇಟ್ಟು ಬಂದರೂ 'ಬೆಂಗಳೂರು ಬಂತು' ಅನ್ನೋರು.

ಯಂತ್ರಗಳು ಸದ್ದಿನ ಮೂಲಕ ಒಂದನ್ನೊಂದು ಹುಡುಕಿದ ಕಥೆ ಶುರುವಾಗೋದು, ವಿಚಿತ್ರ ನೋಡಿ, ಕಿವಿ ಕೇಳದ ಒಬ್ಬರಿಂದ. ಅಮೆರಿಕದ ರಾಬರ್ಟ್ ವೈಟ್‌ಬ್ರೆಕ್ಟ್ ಭೌತವಿಜ್ಞಾನಿ, ಕಿವುಡರು. ಟೆಲಿಫೋನ್ ತಂತಿಗೆ ಬೇರೆಯವರ ಯಂತ್ರ ಜೋಡಿಸೋಕೆ ಕಂಪನಿ ಬಿಡುತ್ತಿರಲಿಲ್ಲ. 1964ರಲ್ಲಿ ಅವರು ತಂತಿ ಮುಟ್ಟದೇ ದಾರಿ ಕಂಡುಕೊಂಡರು: ರಿಸೀವರನ್ನು ರಬ್ಬರ್ ಬಟ್ಟಲಿನಂಥ ತೊಟ್ಟಿಲಲ್ಲಿ ಮಲಗಿಸಿ, ಟೈಪ್ ಮಾಡಿದ ಅಕ್ಷರವನ್ನು ಸದ್ದಾಗಿಸಿ ಅದರೊಳಗೆ ಊದುವುದು. ಆ ಕಡೆ ಸದ್ದು ಮತ್ತೆ ಅಕ್ಷರವಾಗುತ್ತಿತ್ತು. ಕಿವುಡರು ಫೋನಿನಲ್ಲಿ ಮಾತಾಡಿದರು! ಇದೇ ತೊಟ್ಟಿಲು ಮುಂದೆ ದೂರದ ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಂಡು ಬಳಸೋಕೂ ನೆರವಾಯಿತು. ವೇಗ ಸೆಕೆಂಡಿಗೆ 300 ಬಿಟ್, ಅಷ್ಟೇ.

ನಮ್ಮಲ್ಲಿ 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಇಂಟರ್ನೆಟ್ ತಂದಾಗ ಮೋಡೆಮ್ ಕೀರಲುತ್ತಿತ್ತಲ್ಲ, ಅದೂ ಈ ವಂಶದ್ದೇ. ಫೋನ್ ಲೈನಿನಲ್ಲಿ ಹಾಯೋದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ, ಮನುಷ್ಯನ ಮಾತಿನ ಅಳತೆ. ಹಾಗಾಗಿ ಯಂತ್ರದ ಮಾತು ನಮಗೂ ಕೇಳುತ್ತಿತ್ತು. ಅರ್ಥವಾಗದಿದ್ದರೂ, ಏನೋ ನಡೀತಾ ಇದೆ ಅಂತ ಗೊತ್ತಾಗುತ್ತಿತ್ತು.

ಸ್ಮಾರ್ಟ್‌ಫೋನ್ ಬಂದ ಮೇಲೆ ಆ ಮಾತು ಮೇಲಕ್ಕೆ ಹೋಯಿತು. ಫೋನಿನ ಮೈಕು ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದರೆ, ಲೆಕ್ಕದ ಪ್ರಕಾರ 22,050 ಹರ್ಟ್ಸ್‌ವರೆಗೆ ಹಿಡಿಯಬಹುದು. ದೊಡ್ಡವರಲ್ಲಿ ಬಹುಪಾಲು ಜನರಿಗೆ 18,000ದ ಮೇಲೆ ಏನೂ ಕೇಳದು. ನಡುವೆ ಉಳಿದ ಈ ಕಿರುದಾರಿಯಲ್ಲಿ ಯಂತ್ರಗಳು ಪಿಸುಗುಟ್ಟತೊಡಗಿದವು. 2014ರಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್, ಮನೆಗೆ ಬಂದ ಅತಿಥಿಯ ಫೋನನ್ನು ವೈಫೈ ಪಾಸ್‌ವರ್ಡ್ ಕೊಡದೇ ಹೀಗೆ ಗುರುತಿಸಿತು. 2017ರ ಸೆಪ್ಟೆಂಬರ್ 18ರಂದು ಬಂದ 'ತೇಜ್' (ಈಗಿನ ಗೂಗಲ್ ಪೇ) ಎರಡು ಫೋನುಗಳನ್ನು ಹತ್ತಿರ ಹಿಡಿದರೆ ಸದ್ದಿನಿಂದಲೇ ಪರಿಚಯ ಮಾಡಿಸುತ್ತಿತ್ತು. ನಮ್ಮ ಬೆಂಗಳೂರಿನ ಟೋನ್‌ಟ್ಯಾಗ್ ಅದಕ್ಕೂ ಮುಂಚಿನಿಂದ ಸದ್ದಿನ ಪಾವತಿಯನ್ನೇ ಕಸುಬಾಗಿಸಿಕೊಂಡಿತ್ತು. ಕೊನೆಗೆ ಅಂಗಡಿ ಗೋಡೆಗಳನ್ನು ಗೆದ್ದದ್ದು ಕ್ಯೂಆರ್ ಚೀಟಿ, ಆ ಮಾತು ಬೇರೆ.

ಆದರೆ ಕೇಳದ ಮಾತಿಗೆ ಒಂದು ಕೆಟ್ಟ ಗುಣವಿದೆ. ಯಾರು, ಯಾರ ಬಗ್ಗೆ ಮಾತಾಡ್ತಿದಾರೆ ಅಂತ ಗೊತ್ತಾಗಲ್ಲ. ಭಾರತದ್ದೇ ಸಿಲ್ವರ್‌ಪುಷ್ ಕಂಪನಿಯ ತಂತ್ರ ಹೀಗಿತ್ತು: ಟಿವಿ ಜಾಹೀರಾತಿನಲ್ಲಿ ಕೇಳದ ಸದ್ದು ಸೇರಿಸು, ಫೋನಿನ ಆ್ಯಪ್ ಅದನ್ನು ಆಲಿಸಲಿ, ಯಾರು ಏನು ನೋಡಿದರು ಅಂತ ತಿಳಿಯಲಿ. 2016ರ ಮಾರ್ಚಿನಲ್ಲಿ ಅಮೆರಿಕದ ಎಫ್‌ಟಿಸಿ, ಆ ಕೋಡ್ ಇಟ್ಟುಕೊಂಡಿದ್ದ 12 ಆ್ಯಪ್‌ಗಳನ್ನು ಮಾಡಿದವರಿಗೆ ಎಚ್ಚರಿಕೆ ಪತ್ರ ಬರೆಯಿತು. ಮರುವರ್ಷ ಜರ್ಮನಿಯ ಸಂಶೋಧಕರು ಇಂಥ ಕಿವಿ ಇರುವ 234 ಆಂಡ್ರಾಯ್ಡ್ ಆ್ಯಪ್‌ಗಳನ್ನು ಹುಡುಕಿದರು.

ಇದನ್ನೆಲ್ಲ ಅಜ್ಜನಿಗೆ ಹೇಳಿದೆ, ಜೋರಾಗಿ, ಕಿವಿ ಹತ್ತಿರ ಬಗ್ಗಿ. ಈಗ ಅವರಿಗೆ ಕಿವಿ ಮಂದ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: 'ನಮ್ಮ ಮನ್ಯಾಗ ಕುಂತು ನಮಗ ಕೇಳದಂಗ ಮಾತಾಡೋದು ಎಂಥಾ ರೀತಿಯಪ್ಪಾ? ಬಂದೀನಿ ಅಂತ ಹೇಳಾಕ ಗೆಜ್ಜಿ ಕಟ್ಟತಾರ. ಇವು ತಿಳೀಬಾರದಂತ ಕಟ್ಟ್ಯಾವಲ್ಲ.'

ನನ್ನ ಬಳಿ ಉತ್ತರ ಇರಲಿಲ್ಲ. ಇನ್ನೊಂದು ಸುದ್ದಿ ಹೇಳಿದೆ. 2022ರ ಮಾರ್ಚ್ 8ರಂದು ರಿಸರ್ವ್ ಬ್ಯಾಂಕ್ 'ಯುಪಿಐ 123ಪೇ' ತಂತು, ಬಟನ್ ಫೋನಿನವರಿಗಾಗಿ. ಅದರ ನಾಲ್ಕು ದಾರಿಗಳಲ್ಲಿ ಒಂದು ಸದ್ದಿನದ್ದು. ಇಂಟರ್ನೆಟ್ ಬೇಡ, ಕ್ಯಾಮೆರಾ ಬೇಡ, ಅಂಗಡಿಯ ಯಂತ್ರಕ್ಕೆ ಫೋನ್ ಹಿಡಿದರೆ ಸದ್ದು ಗುರುತು ಹೇಳುತ್ತೆ, ಆಮೇಲೆ ಪಿನ್ ಒತ್ತಬೇಕು. ಅಜ್ಜ ಜೇಬಿನಿಂದ ತಮ್ಮ ಬಟನ್ ಫೋನ್ ತೆಗೆದು ತಿರುಗಿಸಿ ನೋಡಿದರು. 'ಇದಕ್ಕೂ ಅಷ್ಟು ಬುದ್ಧಿ ಅದ ಏನು?' ಅಂದರು. ಮುಖದಲ್ಲಿ ಸಂತೋಷವೇ ಇತ್ತು.

ಆ ರಾತ್ರಿ ನನ್ನ ಫೋನಿನಲ್ಲಿ ಮೈಕ್ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ತೆರೆದೆ. ಎಣಿಸಿದೆ, 19. ಯಾಕೆ ಬೇಕು ಅಂತ ಹೇಳೋಕೆ ಬಂದದ್ದು ಆರಕ್ಕೆ ಮಾತ್ರ, ಉಳಿದವನ್ನೆಲ್ಲ ಆರಿಸಿದೆ. ನೀವೂ ಒಮ್ಮೆ ನೋಡಿ, ಎರಡು ನಿಮಿಷದ ಕೆಲಸ.

ಈಗ ಊರಿಗೆ ಹೋದಾಗ ನನ್ನ ಹೆಜ್ಜೆ ಅಜ್ಜನಿಗೆ ಕೇಳಲ್ಲ. ಬಾಗಿಲಲ್ಲಿ ನಿಂತು ಚಿಲಕವನ್ನು ಜೋರಾಗಿ ಮೂರು ಸಲ ಬಡೀತೀನಿ. ಆಮೇಲೆ ಒಳಗೆ ಹೋಗ್ತೀನಿ.