ಮುದ್ರೆಯೊಳಗಿನ ಹೆಂಗಸು

ಡಾರ್ಜಿಲಿಂಗ್ ಚಹಾದ ಪೊಟ್ಟಣದ ಮೇಲೆ ಒಂದು ದುಂಡು ಮುದ್ರೆ. ಅದರೊಳಗೆ ಚಹಾ ಎಲೆ ಹಿಡಿದ ಹೆಂಗಸಿನ ಚಿತ್ರ. ಆ ಹೆಂಗಸು ಯಾರು, ಮುದ್ರೆ ಯಾರದು ಅಂತ ಕೇಳಿದರೆ ಸಾಕು, ದೊಡ್ಡ ಇತಿಹಾಸವೇ ಬಿಚ್ಚಿಕೊಳ್ಳುತ್ತದೆ.

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸಿಕ್ಕಿಂ ರಾಜನಿಂದ ಈ ಗುಡ್ಡಗಳನ್ನು ಪಡೆಯಿತು. 1850ರ ದಶಕದಲ್ಲಿ ಕಾಡು ಕಡಿದು ತೋಟ ಎಬ್ಬಿಸಿದರು. ಬೆವರು ಸುರಿಸಿದವರು ಪೂರ್ವ ನೇಪಾಳದಿಂದ ಹೊಟ್ಟೆಪಾಡಿಗೆ ಬಂದ ರಾಯ್, ಲಿಂಬು, ತಮಾಂಗ್ ಜನ. ಅಲ್ಲಿ ಮೇಲುಜಾತಿಯವರು ಮುಟ್ಟಿಸಿಕೊಳ್ಳದ ಕಾಮಿ, ದಮಾಯಿ, ಸಾರ್ಕಿಗಳು. ನೆಲ ದೊರೆಗಳದು, ಇವರಿದ್ದ ಗುಡಿಸಲೂ ದೊರೆಗಳದೇ. ಎದುರು ಮಾತಾಡಿದವನನ್ನು ಹೆಂಡತಿ ಮಕ್ಕಳ ಸಮೇತ ತೋಟದಾಚೆ ದಬ್ಬುತ್ತಿದ್ದರು. ಅದಕ್ಕೆ 'ಹಟ್ಟಾಬಹಾರ್' ಅಂತ ಹೆಸರು. ಸ್ವಾತಂತ್ರ್ಯ ಬಂದರೂ ಅದು ಹೋಗಲಿಲ್ಲ. ಅದು ನಿಲ್ಲಲಿ, ಬೋನಸ್ ಕೊಡಿ ಅಂತ ಎದ್ದು ನಿಂತ ಮಾರ್ಗರೆಟ್ಸ್ ಹೋಪ್ ತೋಟದ ಕಾರ್ಮಿಕರ ಮೇಲೆ 1955ರ ಜೂನ್ 25ರಂದು ಪೊಲೀಸರು ಗುಂಡು ಹಾರಿಸಿದರು. ಆರು ಜನ ಸತ್ತರು.

1999ರಲ್ಲಿ ಭೌಗೋಳಿಕ ಸೂಚಕಗಳ ಕಾಯ್ದೆ ಬಂತು. ಒಂದು ಊರಿನ ಹೆಸರನ್ನು ಬೇರೆ ಕಡೆಯ ಸರಕಿಗೆ ಅಂಟಿಸಬಾರದು ಅನ್ನುವ ಕಾಯ್ದೆ. 2004ರಲ್ಲಿ ದೇಶಕ್ಕೇ ಮೊದಲು ಅದರಡಿ ನೋಂದಣಿಯಾದದ್ದು ಡಾರ್ಜಿಲಿಂಗ್ ಚಹಾ. 2011ರಲ್ಲಿ ಯುರೋಪೂ ಒಪ್ಪಿತು. ಇದು ಬೇಡ ಅಂತ ನಾವು ಹೇಳುತ್ತಿಲ್ಲ. ನಕಲಿ ಮಾಲು ನಿಂತರೆ ಅಸಲಿಗೆ ಬೆಲೆ ಬರುತ್ತದೆ. ಆ ಬೆಲೆ ಯಾರ ಮನೆ ಸೇರುತ್ತದೆ?

ಹೆಸರಿನ ಒಡೆತನ ಚಹಾ ಮಂಡಳಿಯದು. ಕಾಯ್ದೆ ಹೇಳುವ 'ಉತ್ಪಾದಕ'ರಲ್ಲಿ ಬೆಳೆಯುವವ, ಸಂಸ್ಕರಿಸುವವ, ಪೊಟ್ಟಣ ಕಟ್ಟುವವ, ಕೊನೆಗೆ ವ್ಯಾಪಾರಿಯೂ ಇದ್ದಾನೆ. ಕೂಲಿಗೆ ಎಲೆ ಕೀಳುವವಳ ಹೆಸರಿಲ್ಲ. 2014ರಲ್ಲಿ ಅಲ್ಲಿನ ಒಂದು ತೋಟದ ಚಹಾ ಕಿಲೋಗೆ 1,850 ಡಾಲರಿಗೆ, ಅಂದರೆ ಲಕ್ಷ ರೂಪಾಯಿಗೂ ಮೇಲೆ, ಮಾರಾಟವಾಯಿತು. ಆ ವರ್ಷ ಅದೇ ಗುಡ್ಡದಲ್ಲಿ ಅವಳ ದಿನಗೂಲಿ ನೂರು ರೂಪಾಯಿ ಮುಟ್ಟಿರಲಿಲ್ಲ. 2023ರಲ್ಲಿ 250 ಆಯಿತು.

ಇದು ದೂರದ ಗುಡ್ಡದ ಕತೆ ಅಂತ ಸುಮ್ಮನಿರುವ ಹಾಗಿಲ್ಲ ಗೆಳೆಯರೇ. 2019ರಲ್ಲಿ ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗೂ ಇದೇ ಕಾಯ್ದೆಯ ಮಾನ್ಯತೆ ಸಿಕ್ಕಿತು. ಆ ತೋಟಗಳ ಲೈನ್ ಮನೆಗಳಲ್ಲಿ ಯಾರಿದ್ದಾರೆ ಅಂತ ನಿಮಗೆ ಹೇಳಬೇಕೇ?

ಊರಿಗೆ ಹೆಸರು ಬಂದರೆ ಹಳ್ಳಿ ಉದ್ಧಾರವಾಗುತ್ತದೆ ಅನ್ನುತ್ತಾರೆ. ಊರು ಅಂದರೆ ಒಡೆಯ ಒಬ್ಬನೇ ಅಲ್ಲ. ಮಣ್ಣಿಗೂ ಮಂಜಿಗೂ ಕೀರ್ತಿ ಬರೆದುಕೊಟ್ಟ ಕಾಗದ ಕೀಳುವ ಕೈಗೂ ಪಾಲು ಬರೆಯಲಿ. ಬದುಕುವಷ್ಟು ಕೂಲಿ, ಮನೆಯಡಿಯ ನೆಲಕ್ಕೆ ಪಟ್ಟಾ. ನಾವು ಕೇಳುವುದು ಇಷ್ಟೇ.