ದೋಣಿ ಎಂಜಿನ್ನಿನ ತಂಪು ವ್ಯವಸ್ಥೆ

ಯಂತ್ರದೋಣಿಯ ಎಂಜಿನ್ನಿನ ಶಾಖವನ್ನು ಸುತ್ತಲಿನ ನೀರಿಗೆ ದಾಟಿಸುವ ಏರ್ಪಾಡು. ನೇರ, ಪರೋಕ್ಷ ಎಂದು ಎರಡು ಬಗೆ. ಪರೋಕ್ಷ ಬಗೆಯಲ್ಲಿ ಎಂಜಿನ್ನಿನೊಳಗೆ ಸುತ್ತುವ ಶೀತಕ ದ್ರವ, ಶಾಖ ವಿನಿಮಯಕದ ಮೂಲಕ ಹೊರನೀರಿಗೆ ಬಿಸಿಯನ್ನು ಬಿಡುತ್ತದೆ. ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರುಗಳಲ್ಲಿ ನೇರ ಬಗೆಯೇ ರೂಢಿ: ಪಂಪಿನ ರಬ್ಬರ್ ಇಂಪೆಲ್ಲರ್ (ಅಲಗುಚಕ್ರ) ಹೊರನೀರನ್ನು ಮೇಲೆತ್ತಿ ಸಿಲಿಂಡರಿನ ಸುತ್ತ ಹರಿಸಿ ಹೊರಬಿಡುತ್ತದೆ. ಪಕ್ಕದ ಸಣ್ಣ ರಂಧ್ರದಿಂದ ಚಿಮ್ಮುವ ಧಾರೆ ಪಂಪು ನಡೆಯುತ್ತಿರುವುದರ ಗುರುತು. ಅದು ನಿಂತರೆ ಎಂಜಿನ್ನನ್ನು ಕೂಡಲೇ ಆರಿಸಬೇಕು.

ಹಂಪಿಯಲ್ಲಿ ವಿರೂಪಾಪುರ ಗಡ್ಡೆಗೆ ಹೊಳೆ ದಾಟಿಸಲು ಹರಿಗೋಲಿನ ಜೊತೆಗೆ ಮೋಟಾರು ದೋಣಿಯೂ ಬಳಕೆಗೆ ಬಂದಿದೆ. ಇಂಥ ಹೊಳೆಯ ಮರಳು, ಹೂಳು ಇಂಪೆಲ್ಲರಿನ ಅಲಗುಗಳನ್ನು ಸವೆಸುತ್ತವೆ. ಜೊಂಡು ಸಿಕ್ಕಿ ನೀರು ಹೀರುವ ಜಾಲರಿ ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ತಳದ ಮರಳು ಮೇಲೇಳುವುದು ಹೆಚ್ಚು.

ತಂಪು ವ್ಯವಸ್ಥೆಯ ಹೊರಗೆ, ಇಂಧನದಲ್ಲಿ ಕಾಣುವ ಇನ್ನೊಂದು ತೊಡಕು ಸಾಂದ್ರೀಕರಣ. ರಾತ್ರಿಯ ತಂಪಿಗೆ ಅರೆತುಂಬಿದ ಇಂಧನ ತೊಟ್ಟಿಯ ಒಳಗೋಡೆಯಲ್ಲಿ ಗಾಳಿಯ ತೇವ ಹನಿಗಟ್ಟುತ್ತದೆ. ಪೆಟ್ರೋಲಿಗಿಂತ ಭಾರವಾದ ಆ ನೀರು ತಳ ಸೇರಿ ತುಕ್ಕಿಗೂ ಎಂಜಿನ್ ತಡವರಿಸುವುದಕ್ಕೂ ಕಾರಣವಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರಿಕೊಂಡು, ಮಿತಿ ಮೀರಿದಾಗ ಪದರವಾಗಿ ಒಡೆಯುತ್ತದೆ. ನೀರು ಬೇರ್ಪಡಿಸುವ ಫಿಲ್ಟರನ್ನು ಆಗಾಗ ಬಸಿಯುವುದು ಇಂಧನಕ್ಕೆ ಸೇರಿದ ನೀರನ್ನು ತೆಗೆಯುವ ಒಂದು ಉಪಾಯ. ಕಾರವಾರ, ಮಲ್ಪೆಗಳ ಕಡಲಿನಲ್ಲಿ ಓಡಿದ ಮೋಟಾರಿನ ತಂಪು ನಾಳಗಳಿಗೆ ಸಿಹಿನೀರು ಹಾಯಿಸಿ ಉಪ್ಪನ್ನೂ ತೊಳೆಯಬೇಕಾಗುತ್ತದೆ.