ಅಂಜು ಬಾಬಿ ಜಾರ್ಜ್

ಅಂಜು ಬಾಬಿ ಜಾರ್ಜ್ (ಜನನ: 19 ಏಪ್ರಿಲ್ 1977): ಭಾರತದ ಲಾಂಗ್‌ಜಂಪ್ ಪಟು, ಒಲಿಂಪಿಯನ್, ಕ್ರೀಡಾ ಮಾರ್ಗದರ್ಶಕಿ. ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯರು. ಹುಟ್ಟೂರು ಕೇರಳದ ಚಂಗನಾಶ್ಶೇರಿ ಬಳಿಯ ಚೀರಂಚಿರ, ನೆಲೆಸಿರುವುದು ಬೆಂಗಳೂರಿನಲ್ಲಿ.

ಸ್ಪರ್ಧಾ ಜೀವನ

ಶಾಲಾ ದಿನಗಳಲ್ಲಿ ಕೋರುತ್ತೋಡಿನ ಕೆ.ಪಿ. ಥಾಮಸ್ ಅವರ ಗರಡಿಯಲ್ಲಿ ಪಳಗಿದರು. ಮೊದಲು ಹೆಪ್ಟಾಥ್ಲಾನ್‌ನಲ್ಲಿದ್ದವರು ಕ್ರಮೇಣ ಜಿಗಿತಕ್ಕೆ ಹೊರಳಿದರು. ಟ್ರಿಪಲ್ ಜಂಪ್ ಪಟುವಾಗಿದ್ದ, ಮೆಕ್ಯಾನಿಕಲ್ ಎಂಜಿನಿಯರ್ ರಾಬರ್ಟ್ ಬಾಬಿ ಜಾರ್ಜ್ ಇವರ ತರಬೇತುದಾರರು, ಮುಂದೆ ಪತಿ. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದ ಕಂಚು, ಬೂಸಾನ್ ಏಷ್ಯನ್ ಕ್ರೀಡಾಕೂಟದ ಚಿನ್ನ. 2003ರಲ್ಲಿ ಪ್ಯಾರಿಸ್‌ನ ವಿಶ್ವ ಕೂಟದಲ್ಲಿ 6.70 ಮೀಟರ್ ಜಿಗಿದು ಕಂಚು. ಖೇಲ್ ರತ್ನ ಪ್ರಶಸ್ತಿಯೂ 2004ರಲ್ಲಿ ಪದ್ಮಶ್ರೀಯೂ ಸಂದಿವೆ.

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಪದಕ ಬರಲಿಲ್ಲವಾದರೂ ಅಲ್ಲಿನ 6.83 ಮೀಟರ್ ಇವರ ಜೀವಮಾನದ ಶ್ರೇಷ್ಠ ಜಿಗಿತ. ಅಂದು ಆರನೆಯವರಾಗಿದ್ದ ಅಂಜು, ಅಮೆರಿಕದ ಮರಿಯನ್ ಜೋನ್ಸ್ ಅನರ್ಹಗೊಂಡ ಬಳಿಕ ಐದನೆಯವರಾದರು. 2005ರ ಮೊನಾಕೊ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನ ಬೆಳ್ಳಿಯೂ, ರಷ್ಯಾದ ತಾತ್ಯಾನಾ ಕೊತೋವಾ ಉದ್ದೀಪನ ಮದ್ದು ಸೇವಿಸಿದ್ದು ಸಾಬೀತಾಗಿ, ವರ್ಷಗಳ ನಂತರ ಚಿನ್ನವಾಯಿತು. ಗೆದ್ದ ದಿನ ವೇದಿಕೆಯ ಮೇಲೆ ಸಿಗಬೇಕಾದ ಗೌರವವನ್ನು ಇಂಥ ತಿದ್ದುಪಡಿ ತಂದುಕೊಡಲಾರದು.

2008ರ ಬೀಜಿಂಗ್‌ನಲ್ಲಿ ಅರ್ಹತಾ ಸುತ್ತಿನ ಮೂರೂ ಯತ್ನಗಳು ಫೌಲ್ ಆದವು. ಇದನ್ನು ಅರಿಯಲು ಈ ಸ್ಪರ್ಧೆಯ ಸೂಕ್ಷ್ಮ ತಿಳಿದಿರಬೇಕು. ಜಿಗಿಯುವ ಹಲಗೆಯ ಅಗಲ 20 ಸೆಂ.ಮೀ. ಕಾಲು ಎಲ್ಲಿಂದ ಚಿಮ್ಮಿದರೂ ಅಳತೆ ಶುರುವಾಗುವುದು ಹಲಗೆಯ ಮರಳಿನ ಕಡೆಯ ಅಂಚಿನಿಂದ. ಹಿಂದೆ ಉಳಿದಷ್ಟೂ ನಷ್ಟ, ಕೂದಲೆಳೆ ದಾಟಿದರೂ ಕೆಂಪು ಬಾವುಟ. ಆಗ ಅಂಚಿನಾಚೆಯ ಪ್ಲಾಸ್ಟಿಸೀನ್ ಪಟ್ಟಿಯ ಮೇಲೆ ಮೂಡಿದ ಗುರುತೇ ಫೌಲ್‌ಗೆ ಸಾಕ್ಷಿ. ಪೂರ್ಣ ವೇಗದಲ್ಲಿ ಬರುವ ಓಟಗಾರ್ತಿ ಕೊನೆಯ ಹೆಜ್ಜೆಗೆ ಮುನ್ನ ಸೊಂಟವನ್ನು ತುಸು ತಗ್ಗಿಸಿ, ವೇಗ ಕಳೆದುಕೊಳ್ಳದೆ ಮೇಲಕ್ಕೆ ತಿರುಗಿಸಬೇಕು. ಎದುರುಗಾಳಿಗೆ ಹೆಜ್ಜೆ ಕುಗ್ಗುತ್ತದೆ, ಹಿಂಗಾಳಿಗೆ ಹಿಗ್ಗುತ್ತದೆ. ಹಾಗಾಗಿ ಹೆಜ್ಜೆಯ ಲೆಕ್ಕ ದಿನದಿನಕ್ಕೂ ಬೇರೆ. ಹಿಂಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ಜಿಗಿತ ದಾಖಲೆಗೆ ಸಲ್ಲದು.

ಮಾರ್ಗದರ್ಶನ

ನಿವೃತ್ತಿಯ ನಂತರ ದಂಪತಿ ಅಂಜು ಬಾಬಿ ಸ್ಪೋರ್ಟ್ಸ್ ಫೌಂಡೇಷನ್ ಕಟ್ಟಿದರು. ಝಾನ್ಸಿಯ ಬಾಲಕಿ ಶೈಲಿ ಸಿಂಗ್ ಅವರ ಪ್ರತಿಭೆ ಗುರುತಿಸಿ ಬೆಂಗಳೂರಿಗೆ ಕರೆತಂದದ್ದು ಇವರ ದೊಡ್ಡ ಕೊಡುಗೆ. ಮೈಸೂರು ರಸ್ತೆಯಲ್ಲಿ ಜ್ಞಾನಭಾರತಿಗೆ ಸಮೀಪದ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಶೈಲಿ ಪಳಗಿದರು. ನಿತ್ಯದ ತರಬೇತಿ ಬಾಬಿಯವರದು. ಆಯ್ಕೆ, ಆರೈಕೆ, ಧೈರ್ಯ ತುಂಬುವುದು ಅಂಜು ಪಾಲಿನದು. 2021ರ ನೈರೋಬಿ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ ಶೈಲಿ 6.59 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಚಿನ್ನ ತಪ್ಪಿದ್ದು ಒಂದೇ ಸೆಂಟಿಮೀಟರ್‌ನಿಂದ. ಅದೇ ವರ್ಷ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ವರ್ಷದ ಮಹಿಳೆ ಪ್ರಶಸ್ತಿ ಅಂಜುಗೆ ಬಂತು.

2023ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಶೈಲಿ 6.76 ಮೀಟರ್ ಜಿಗಿದರು. ಭಾರತೀಯ ಮಹಿಳೆಯರಲ್ಲಿ ಅದಕ್ಕಿಂತ ದೂರ ಜಿಗಿದಿದ್ದವರು ಅಂದಿಗೆ ಅಂಜು ಒಬ್ಬರೇ.